ರಾಯಿಕೋಡಿಗೆ ಹೊರಟ ಅಂಬಲಿ

ಒಂದು ಮಣ್ಣಿನ ಗಡಿಗೆಯನ್ನು ಜಹೀರಾಬಾದಿನಿಂದ ರಾಯಿಕೋಡ್ ಕಡೆಯ ಒಂದು ಹೊಲಕ್ಕೆ ಮುಟ್ಟಿಸುವುದು ಎಷ್ಟರ ಕೆಲಸ? ಸ್ಕೂಟರ್ ಇದೆ. ರಸ್ತೆ ಇದೆ. ನನ್ನಂಥ ಜವಾಬ್ದಾರಿಯುಳ್ಳ ಮನುಷ್ಯ ಇದ್ದಾನೆ. ಗಡಿಗೆಯೊಳಗೆ ಅಂಬಲಿ ಇದೆ ಎಂಬುದೊಂದೇ ಸಣ್ಣ ತೊಡಕು. ಅದೇನು ಮಹಾ ಎಂದುಕೊಂಡೆ. ಅಂದುಕೊಳ್ಳುವುದಕ್ಕೆ ಯಾರ ಅಪ್ಪಣೆಯೂ ಬೇಕಾಗುವುದಿಲ್ಲವಲ್ಲ!

ಇದನ್ನು ಬರೆಯುತ್ತಿರುವುದು ಸಿಟ್ಟಿನಿಂದ ಎಂದು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಸೀಮೆಯ ಜನರ ಮೇಲೆ, ಅವರ ಪ್ರೀತಿಯ ಮೇಲೆ, ಮುಖ್ಯವಾಗಿ ಅವರ ಕೈಯಲ್ಲಿರುವ ಚಂಬುಗಳ ಮೇಲೆ ನನ್ನ ತೀವ್ರವಾದ ಆಕ್ಷೇಪವಿದೆ. ಕಳ್ಳರಿಂದ ಕಾಪಾಡಿಕೊಳ್ಳಲು ಪೊಲೀಸರಿದ್ದಾರೆ. ನಾಯಿಗಳಿಂದ ಕಾಪಾಡಿಕೊಳ್ಳಲು ಕಲ್ಲುಗಳಿವೆ. ಕರೆದು ಉಣಿಸುವವರಿಂದ ಕಾಪಾಡಿಕೊಳ್ಳಲು ಈ ದೇಶದಲ್ಲಿ ಯಾವ ವ್ಯವಸ್ಥೆ ಇದೆ? ಉತ್ತರ ಕೊಡಿ!

ಎಳ್ಳಮಾವಾಸ್ಯೆಯ ದಿನ ನಮ್ಮ ಕಡೆ ಯಾರೂ ಮನೆಯಲ್ಲಿ ಉಣ್ಣುವುದಿಲ್ಲ. ಹೊಲವಿದ್ದವರು ತಮ್ಮ ಹೊಲಕ್ಕೆ, ಇಲ್ಲದವರು ಇದ್ದವರ ಹೊಲಕ್ಕೆ ಕಾಳು, ಸೊಪ್ಪು, ತರಕಾರಿ ಎಲ್ಲ ಕೂಡಿಸಿ ಬೇಯಿಸಿದ ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ಹೊತ್ತುಕೊಂಡು ಹೋಗುತ್ತಾರೆ. ಚರಗ ಚೆಲ್ಲಿ, ಅಂದರೆ ತಂದದ್ದನ್ನು ಮೊದಲು ಬೆಳೆಯ ನಡುವೆ ಚೆಲ್ಲಿ ಭೂಮಿಗೆ ಉಣಿಸಿ, ಆಮೇಲೆ ತಾವು ಉಣ್ಣುತ್ತಾರೆ. ಆಮೇಲೆ ದಾರಿಯಲ್ಲಿ ಹೋಗುವವರನ್ನು ಹಿಡಿಯುತ್ತಾರೆ. 'ಕರೆಯುತ್ತಾರೆ' ಎಂದು ಬರೆಯಬಹುದಿತ್ತು. ಆದರೆ ನಡೆದದ್ದನ್ನು ನಡೆದಂತೆ ಬರೆಯಬೇಕು. ಹಿಡಿಯುತ್ತಾರೆ.

ಗಡಿಯಾಚೆ ಬೀದರಿನಲ್ಲಿ ಅಂದು ಓಣಿಗೆ ಓಣಿಯೇ ಬೀಗ ಜಡಿದುಕೊಂಡು ಹೊಲದಲ್ಲಿರುತ್ತದೆ. ಈಚೆ, ತೆಲುಗು ನಾಡಿಗೆ ಸೇರಿದ ನಮ್ಮ ಕಚೇರಿಯಲ್ಲಿ ಅದಕ್ಕೆ ರಜೆಯೇ ಇಲ್ಲ. ದೂರದ ಜಿಲ್ಲೆಯಿಂದ ಬಂದ ನಮ್ಮ ಅಧಿಕಾರಿಗಳು ಕ್ಯಾಲೆಂಡರ್ ನೋಡಿ, "ಇದೇಂ ಪಂಡುಗ?" ಎಂದು ತೆಲುಗಿನಲ್ಲಿ ಕೇಳುತ್ತಾರೆ. ಹೊಲದಲ್ಲಿ ಉಣ್ಣುವ ಹಬ್ಬ ಎಂದರೆ, ಮನೆಯಲ್ಲಿ ಏನು ತೊಂದರೆ ಎನ್ನುತ್ತಾರೆ. ಈ ಸಲ ಹೇಗೋ ಅರ್ಧ ದಿನದ ರಜೆ ಗಿಟ್ಟಿಸಿಕೊಂಡೆ.

ಇನ್ನು ಅಂಬಲಿಯ ವಿಷಯ. ನನ್ನ ಹೆಂಡತಿ ಕಸ್ತೂರಿಯ ತವರುಮನೆಯ ಹೊಲ ರಾಯಿಕೋಡ್ ಹತ್ತಿರ ಇದೆ. ಪ್ರತಿ ವರ್ಷ ನಾವು ಎಳ್ಳಮಾವಾಸ್ಯೆಗೆ ಅಲ್ಲಿಗೇ ಹೋಗುವುದು. ಹೋದ ವರ್ಷ ಕಸ್ತೂರಿ ಮಾಡಿಕೊಂಡು ಹೋಗಿದ್ದ ಅಂಬಲಿಯನ್ನು ಅವಳ ಅಣ್ಣನ ಹೆಂಡತಿ ಒಂದು ಗುಟುಕು ಕುಡಿದು, ಕೂತವರೆಲ್ಲರಿಗೂ ಕೇಳುವಂತೆ, "ಪ್ಯಾಟಿ ಅಂಬಲಿ ಅಲ್ಲೇನ್ರಿ, ಫ್ರಿಜ್ಜಿನ್ಯಾಗೇ ಹುಳಿ ಬಂದಿರ್ತದ" ಎಂದುಬಿಟ್ಟರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಅದು ನನ್ನ ದಾಂಪತ್ಯದ ದೊಡ್ಡ ತಪ್ಪುಗಳಲ್ಲಿ ಒಂದು.

ಅಂದಿನಿಂದ ಕಸ್ತೂರಿ ಈ ಅಮಾವಾಸ್ಯೆಗಾಗಿ ಕಾಯುತ್ತಿದ್ದಳು. ಜೋಳ ಯಾರ ಹೊಲದ್ದಾಗಿರಬೇಕು ಎಂದು ಊರೆಲ್ಲ ವಿಚಾರಿಸಿದಳು. ಕುಂಬಾರರ ಮನೆಗೆ ಹೋಗಿ ಗಡಿಗೆಗಳನ್ನು ಬೆರಳಿನಿಂದ ತಟ್ಟಿ ತಟ್ಟಿ ಒಂದನ್ನು ಆರಿಸಿದಳು. ನನ್ನನ್ನು ಒಪ್ಪಿಕೊಳ್ಳುವ ಮೊದಲು ಅವಳ ಮನೆಯವರು ಇಷ್ಟು ಪರೀಕ್ಷೆ ಮಾಡಿರಲಿಲ್ಲ. ಹಿಂದಿನ ರಾತ್ರಿ ಅಂಬಲಿ ಹುಳಿ ಬರಲಿ ಎಂದು ಮನೆಯಲ್ಲಿದ್ದ ಒಂದೇ ಒಂದು ಒಳ್ಳೆಯ ರಗ್ಗನ್ನು ಗಡಿಗೆಗೆ ಹೊದಿಸಿದಳು. ನನಗೆ ಚಾದರ ಸಿಕ್ಕಿತು.

ಬೆಳಿಗ್ಗೆ ಅವಳ ಅಣ್ಣ ಶರಣಪ್ಪನ ಜೀಪು ಬಂತು. ಕಸ್ತೂರಿ ಗಡಿಗೆಯ ಬಾಯಿಗೆ ಮೂಗು ಹಿಡಿದು ನೋಡಿ, "ಇನ್ನೊಂದೀಟು ಹೊತ್ತು ಬಿಸಲಾಗ ಕುಂಡ್ರಬೇಕು ಇದು" ಎಂದು ತೀರ್ಪು ಕೊಟ್ಟಳು. ಅಡುಗೆ ಮಾಡಲು ಅವಳು ಮೊದಲೇ ಹೋಗಲೇಬೇಕು. ಹೀಗಾಗಿ ಅಂಬಲಿ ತರುವ ಕೆಲಸ ನನ್ನ ಪಾಲಿಗೆ ಬಂತು.

"ಕೇಳ್ರಿ ಇಲ್ಲಿ. ಡಾಂಬರ ರಸ್ತಾ ಬಿಟ್ಟು ಇಳೀಬ್ಯಾಡ್ರಿ. ಎಲ್ಲೂ ನಿಂದರಬ್ಯಾಡ್ರಿ. ಭೂಮಿತಾಯಿಗಿ ಮೀಸಲದ ಅದು, ಮುಚ್ಚಳ ತಗದು ಬಾಯಿಗಿ ಹಚ್ಚೀರಿ ಮತ್ತ!"

"ನಾನೇನು ಸಣ್ಣ ಕೂಸೇನ?"

"ಕೂಸಿಗಿ ಹೇಳಿದ್ರ ಕೇಳ್ತದ."

ಜೀಪು ಹೋಯಿತು.

ನಾನು ಹುಟ್ಟಾ ಚಿಂತೆಯ ಮನುಷ್ಯ. ಕಚೇರಿಯಿಂದ ಬಂದವನು ಗಡಿಗೆಯನ್ನು ಸ್ಕೂಟರಿನ ಮುಂದೆ, ಕಾಲಿಡುವ ಜಾಗದಲ್ಲಿ, ಹಳೆಯ ಟಯರಿನ ಮೇಲೆ ಕೂರಿಸಿ, ಹಗ್ಗದಿಂದ ಅಡ್ಡಡ್ಡ ಉದ್ದುದ್ದ ಬಿಗಿದೆ. ನಂತರ ಕೂತು ಯೋಚಿಸಿದೆ. ಡಾಂಬರು ರಸ್ತೆಯಲ್ಲಿ ಸ್ಪೀಡ್ ಬ್ರೇಕರುಗಳಿವೆ. ಕಬ್ಬಿನ ಟ್ರ್ಯಾಕ್ಟರುಗಳಿವೆ. ಹಿಂದಿನಿಂದ ಬಂದು ಕಿವಿಯಲ್ಲೇ ಹಾರ್ನ್ ಊದುವ ಬಸ್ಸುಗಳಿವೆ. ಹಾರ್ನಿಗೆ ನಾನು ಬೆಚ್ಚುತ್ತೇನೆ. ಬೆಚ್ಚಿದರೆ ಗಡಿಗೆ ಒಡೆಯುತ್ತದೆ. ಗಡಿಗೆ ಒಡೆದರೆ ನಾನು ಎಲ್ಲಿ ವಾಸ ಮಾಡುವುದು?

ಅಂಬಲಿಯ ಸುರಕ್ಷತೆಯ ದೃಷ್ಟಿಯಿಂದ, ಎಲ್ಲ ಸಾಧಕ ಬಾಧಕಗಳನ್ನೂ ತೂಗಿ ನೋಡಿ, ನಾನು ಒಳದಾರಿ ಹಿಡಿಯಲು ತೀರ್ಮಾನಿಸಿದೆ. ಹೊಲಗಳ ನಡುವಿನ ಮಣ್ಣಿನ ದಾರಿ. ಮೆತ್ತಗಿರುತ್ತದೆ. ಗಾಡಿಗಳಿಲ್ಲ, ಹಾರ್ನಿಲ್ಲ. ಎಳ್ಳಮಾವಾಸ್ಯೆಯ ದಿನ, ಹೊಲಗಳ ನಡುವೆ, ಅಂಬಲಿ ಹಿಡಿದುಕೊಂಡು! ಇದನ್ನು ಓದುತ್ತಿರುವ ನಮ್ಮ ಕಡೆಯವರು ಈಗಾಗಲೇ ಹಣೆ ಹಣೆ ಬಡಿದುಕೊಂಡಿರುತ್ತಾರೆ. ನಾನು ಬಡಿದುಕೊಂಡದ್ದು ಬಹಳ ತಡವಾಗಿ.

ಬಿಸಿಲು ಹಿತವಾಗಿತ್ತು. ಎರಡೂ ಕಡೆ ಜೋಳ ತೆನೆ ಹಿಡಿದು ನಿಂತಿತ್ತು. ಗಡಿಗೆ ಅಲುಗಾಡುತ್ತಿರಲಿಲ್ಲ. ಇಷ್ಟು ಬುದ್ಧಿವಂತನಾದ ನನ್ನನ್ನು ಮನೆಯಲ್ಲಿ ಯಾರೂ ಗುರುತಿಸುವುದಿಲ್ಲವಲ್ಲ ಎಂದು ಮರುಗುತ್ತ ಹೋಗುತ್ತಿದ್ದೆ. ಒಂದು ತಿರುವಿನಲ್ಲಿ ದಾರಿಯ ತುಂಬ ಕುರಿಗಳು.

ಕುರಿಗಳ ಹಿಂದೆ ಸಿದ್ದಪ್ಪ. ಜಹೀರಾಬಾದಿನ ಸಂತೆಯಲ್ಲಿ ಕುರಿ ಮಾರಲು ಬರುವವನು, ನನಗೆ ಮುಖ ಪರಿಚಯ. ಕೈಯಲ್ಲಿ ಕೋಲು, ಮುಖದಲ್ಲಿ ನಗು. ಎರಡೂ ಅಪಾಯಕಾರಿ.

"ಏನ್ರಿ ಸರ, ಅಮಾಸಿ ದಿನ ನನ್ನ ಹೊಲದ ಮುಂದಿಂದ ಹಂಗೇ ಹಾದು ಹೊಂಟೀರಲ್ಲ?"

"ರಾಯಿಕೋಡ್ ಕಡಿ ಹೋಗಬೇಕು ಸಿದ್ದಪ್ಪ. ಅರ್ಜೆಂಟ್ ಅದ. ಕುರಿ ಒಂದೀಟು ಸರಸು."

"ಸರೀತಾವ ಬಿಡ್ರಿ. ನೀವು ಉಂಡ ಮ್ಯಾಲ."

ಇದನ್ನು ಏನೆಂದು ಕರೆಯುತ್ತೀರಿ? ಕುರಿಗಳನ್ನು ಮುಂದಿಟ್ಟುಕೊಂಡು ರಸ್ತೆ ತಡೆ ಮಾಡಿ, ಸರ್ಕಾರಿ ನೌಕರನೊಬ್ಬನನ್ನು ಬಲವಂತವಾಗಿ ಇಳಿಸಿ, ಅವನ ಬಾಯಿಗೆ ಸಜ್ಜೆ ರೊಟ್ಟಿ ತುರುಕುವುದನ್ನು? ಇಳಿದೆ. ಜೋಳದ ದಂಟಿನ ಚಪ್ಪರದ ಕೆಳಗೆ ಸಿದ್ದಪ್ಪನ ಮನೆಯವರೆಲ್ಲ ಕೂತಿದ್ದರು. ಭಜ್ಜಿ ಬಡಿಸಿದರು. ಆ ಭಜ್ಜಿಯ ಬಗ್ಗೆ ನಾನು ಏನೂ ಹೇಳುವುದಿಲ್ಲ. ಹೇಳಿದರೆ ನನ್ನ ದೂರು ದುರ್ಬಲವಾಗುತ್ತದೆ.

ಸಿದ್ದಪ್ಪನ ತಾಯಿಗೆ ವಯಸ್ಸಾಗಿದೆ. ಕಣ್ಣು ಮಾತ್ರ ಚುರುಕು. ಅದು ನನ್ನ ಸ್ಕೂಟರಿನ ಮೇಲೇ ಇತ್ತು.

"ಆ ಗಡಿಗ್ಯಾಗ ಏನದನೋ ಯಪ್ಪಾ?"

ಸೀಮೆಎಣ್ಣೆ ಎನ್ನಬಹುದಿತ್ತು. ಸುಣ್ಣ ಎನ್ನಬಹುದಿತ್ತು. ಹೊಟ್ಟೆ ತುಂಬಿದ ಗಂಡಸಿಗೆ ಹೆಂಡತಿಯ ಮೇಲೆ ಅಭಿಮಾನ ಉಕ್ಕುತ್ತದೆ ಎಂದು ಕಾಣುತ್ತದೆ.

"ಅಂಬಲಿ, ಆಯಿ. ನಮ್ಮ ಮನ್ಯಾಕಿ ಮಾಡ್ಯಾಳ. ಹಂತಾ ಅಂಬಲಿ ಈ ಕಡಿ ಯಾರಿಗೂ ಮಾಡಾಕ ಬರಂಗಿಲ್ಲ."

ಚಪ್ಪರದ ಕೆಳಗೆ ಅಗಿಯುವ ಸದ್ದು ನಿಂತುಹೋಯಿತು. ಆಯಿ ಕೈಯೂರಿ ಎದ್ದು ನಿಂತಳು.

"ಹೌದೇನ? ಹಂಗಿದ್ರ ನೋಡೇ ಬಿಡಾಣು. ಸಿದ್ದ್ಯಾ, ಗಡಿಗಿ ಇಳಸು."

"ಆಯಿ, ಮೀಸಲದ ಅದು!"

"ಯಾರಿಗಿ ಮೀಸಲು?"

"ಭೂಮಿತಾಯಿಗಿ!"

ಆಯಿ ಕಾಲಿನಿಂದ ನೆಲವನ್ನು ಒಮ್ಮೆ ತಟ್ಟಿದಳು. "ಮತ್ತ ಇದೇನು? ತಗಡ?"

ಕಾನೂನಿನ ಪ್ರಕಾರ ನನ್ನ ವಾದ ಅಲ್ಲಿಗೇ ಬಿದ್ದುಹೋಯಿತು. ನಾನು ಅಷ್ಟು ಕಷ್ಟಪಟ್ಟು ಬಿಗಿದಿದ್ದ ಹಗ್ಗವನ್ನು ಸಿದ್ದಪ್ಪ ಒಂದೇ ಎಳೆತಕ್ಕೆ ಬಿಚ್ಚಿದ. ಆಯಿ ಮೊದಲ ಚಂಬನ್ನು ಜೋಳದ ಸಾಲಿಗೆ ಚೆಲ್ಲಿ ಕೈಮುಗಿದಳು. ಎರಡನೆಯದನ್ನು ಎತ್ತಿ ಹಿಡಿದು ಕುಡಿದಳು. ಮುಖದಲ್ಲಿ ಏನೂ ಕಾಣಲಿಲ್ಲ. ಚಂಬನ್ನು ಮತ್ತೆ ಮುಂದೆ ಹಿಡಿದಳು, ಅಷ್ಟೆ. ಆಮೇಲೆ ಮಗ, ಸೊಸೆ, ಸೊಸೆಯ ತಮ್ಮ, ಬೀಗರು, ಬೀಗರ ಜೊತೆ ಬಂದವರು. ನಾನು "ಸಾಕ್ರಿ, ಸಾಕ್ರಿ" ಎಂದೆ. ಅವರು ಅದನ್ನು ಸೌಜನ್ಯ ಎಂದುಕೊಂಡರು.

ಗಡಿಗೆ ಅರ್ಧಕ್ಕಿಂತ ಕೆಳಗಿಳಿದಿತ್ತು. ನನ್ನ ಮುಖ ನೋಡಿ ಆಯಿ ನಕ್ಕಳು.

"ಅಳಬ್ಯಾಡ ಯಪ್ಪಾ. ಅರ್ಧಾ ಗಡಿಗಿ ತಗೊಂಡು ಯಾರರ ಹೊಲದಾಗ ಕಾಲಿಡ್ತಾರೇನ? ಅಮಾಸಿ ದಿನ ಕೊಂಡು ಕುಡದಂಗ, ಕೊಟ್ಟು ಕಳಸಬೇಕು." ತಮ್ಮ ಕೊಡದಿಂದ ಅಂಬಲಿ ಬಗ್ಗಿಸಿ ನನ್ನ ಗಡಿಗೆಯನ್ನು ಕುತ್ತಿಗೆಯವರೆಗೆ ತುಂಬಿದಳು. ಅವರದು ಮೂಗಿಗೇ ಗೊತ್ತಾಗುವಷ್ಟು ಹುಳಿ.

ನಾನು ಮುಂದೆ ಹೋಗಿ ಒಂದು ಬೇವಿನ ಮರದ ಕೆಳಗೆ ಸ್ಕೂಟರ್ ನಿಲ್ಲಿಸಿ ಪರಿಸ್ಥಿತಿಯನ್ನು ಅವಲೋಕಿಸಿದೆ. ಗಡಿಗೆ ತುಂಬಿದೆ. ಅರ್ಧದಷ್ಟಾದರೂ ಕಸ್ತೂರಿಯದೇ ಇದೆ. ಇನ್ನು ಮೇಲೆ ಯಾರ ಕಣ್ಣಿಗೂ ಇದು ಬೀಳಬಾರದು. ಕೊರಳಲ್ಲಿದ್ದ ಮಫ್ಲರ್ ಬಿಚ್ಚಿ ಗಡಿಗೆಯ ತಲೆಗೆ ಸುತ್ತಿದೆ. ಮೈಮೇಲಿನ ಸ್ವೆಟರ್ ತೆಗೆದು ಅದರ ಹೊಟ್ಟೆಗೆ ತೊಡಿಸಿದೆ. ಎರಡು ಹೆಜ್ಜೆ ಹಿಂದೆ ಸರಿದು ನೋಡಿದೆ. ಗಡಿಗೆಯೆಂದು ಹೇಳಲು ಸಾಧ್ಯವೇ ಇರಲಿಲ್ಲ. ನನ್ನ ಯೋಜನೆಗಳು ಯಾವಾಗಲೂ ಇಷ್ಟು ಚೆನ್ನಾಗಿಯೇ ಇರುತ್ತವೆ. ಆಮೇಲೆ ಜನ ಬರುತ್ತಾರೆ.

ಮುಂದಿನ ಹೊಲದಲ್ಲಿ ಹೆಣ್ಣುಮಕ್ಕಳು ಗುಂಪಾಗಿ ಕೂತು ಉಣ್ಣುತ್ತಿದ್ದರು. ಪಸ್ತಾಪುರದ ಸಂಘಕ್ಕೆ ಸೇರಿಕೊಂಡು ನವಣೆ, ಸಜ್ಜೆ ಬೆಳೆಯುವವರು. ನಾನು ಮುಖ ಆಚೆ ತಿರುಗಿಸಿ ವೇಗ ಹೆಚ್ಚಿಸಿದೆ. ಅಷ್ಟರಲ್ಲಿ ಒಬ್ಬಳು ಕೂಗಿದಳು:

"ಏ ನಿಂದರ್ರಿ! ಕೂಸಿಗಿ ಹಂಗ ಮಾರಿ ಮುಚ್ಚಿ ಸುತ್ತತಾರೇನ್ರಿ? ಉಸಿರು ಕಟ್ಟತದ!"

ನಾನು ನಿಲ್ಲಲಿಲ್ಲ. ನಿಲ್ಲದಿರುವುದು ಅಪರಾಧಿಯ ಲಕ್ಷಣ ಎಂದು ಆಗ ಹೊಳೆಯಲಿಲ್ಲ. ಬದುವಿನ ಮೇಲಿಂದ ಓಡಿಬಂದು ನಾಲ್ಕಾರು ಜನ ಅಡ್ಡ ನಿಂತರು. ಎಲ್ಲರ ಮುಂದೆ ಲಕ್ಷ್ಮವ್ವ ಎಂಬಾಕೆ, ಸೊಂಟಕ್ಕೆ ಸೆರಗು ಸಿಗಿಸಿಕೊಂಡು.

"ಕೂಸಿನ ತಾಯಿ ಎಲ್ಲಿ ಹೋಗ್ಯಾಳ?"

"ರಾಯಿಕೋಡ್ ಕಡಿ ಅದಾಳ."

ನಾನು ಹೇಳಿದ್ದು ಸತ್ಯ. ಕಸ್ತೂರಿ ಅಲ್ಲೇ ಇದ್ದಳು. ಆದರೆ ಸತ್ಯವನ್ನು ತಪ್ಪು ಪ್ರಶ್ನೆಗೆ ಉತ್ತರವಾಗಿ ಕೊಡಬಾರದು.

"ಅಯ್ಯಯ್ಯೋ, ತಾಯಿನ್ನ ಬಿಟ್ಟು ಕೂಸಿನ್ನ ಒಬ್ಬನೇ ಎತಗೊಂಡು ಹೊಂಟಾನ! ಕಾಲಾಗ ಕೂಡ್ಸ್ಯಾನ ನೋಡವ್ವಾ, ಕಾಲಾಗ! ಸ್ವೆಟರ್ ನೋಡ್ರಿ, ಅಳತಿದಲ್ಲ ಅದು. ಖರೇ ಹೇಳ್ರಿ, ಯಾರ ಕೂಸಿದು?"

"ಕೂಸಲ್ಲವ್ವಾ! ಅಂಬಲಿ!"

"ಹೆಸರು ಕೇಳಿಲ್ಲ ನಾವು."

ಲಕ್ಷ್ಮವ್ವನೇ ಮುಂದೆ ಬಂದು ಮಫ್ಲರ್ ಬಿಚ್ಚಿದಳು. ಒಂದು ಕ್ಷಣ ಎಲ್ಲರೂ ಗಡಿಗೆಯನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಆಮೇಲೆ ಎದ್ದ ನಗು ಪಕ್ಕದ ಹೊಲದವರನ್ನೂ ಕರೆದುಕೊಂಡು ಬಂತು.

"ಯಣ್ಣಾ, ಇದಕ ಯಾಕ ಮಫ್ಲರ್? ನೆಗಡಿ ಆಗ್ಯಾದೇನ?"

"ಹುಳಿ ಬರಲಿ ಅಂತ..." ಎಂದು ನಾನು ಏನೋ ಸಂಭಾಳಿಸಲು ನೋಡಿದೆ.

"ಹುಳಿ ಬಂದಿರಬೇಕೀಗ. ನಮ್ಮ ಹೊಟ್ಟ್ಯಾಗಿನ ಜೀವಾ ಹಾರಿಸಿದ್ರಿ. ದಂಡಾ ಕೊಡ್ರಿ!"

ದಂಡ ಏನೆಂದು ವಿವರಿಸಬೇಕೇ? ಚಂಬುಗಳು ಬಂದವು. ಪಕ್ಕದ ಹೊಲದವರೂ ತಮ್ಮ ಚಂಬು ತಂದರು. ಕುಡಿಯುವಾಗ ಏನೇನೋ ಮಾತಾಡಿದರು, ನನಗೆ ಕೇಳಿಸಲಿಲ್ಲ. ಗಡಿಗೆಯಲ್ಲಿ ಅಂಬಲಿ ಇಳಿಯುತ್ತಿದ್ದ ಹಾಗೆ ನನ್ನ ಬಿ.ಪಿ. ಏರುತ್ತಿತ್ತು. ನನಗೂ ರೊಟ್ಟಿಯ ಮೇಲೆ ಹುಚ್ಚೆಳ್ಳಿನ ಚಟ್ನಿ ಹಾಕಿ ಕೊಟ್ಟರು. ತಿಂದೆ. ಕಳುಹಿಸುವಾಗ, ಕೇಳಬೇಕಾಗಿಯೇ ಇಲ್ಲ, ಗಡಿಗೆಯನ್ನು ತಮ್ಮ ನವಣೆಯ ಅಂಬಲಿಯಿಂದ ತುಂಬಿ, ಮಫ್ಲರನ್ನು ಮತ್ತೆ ಮುದ್ದಾಗಿ ಸುತ್ತಿ, ಅದರ ಕೆನ್ನೆಗೆ ಕಾಡಿಗೆಯ ಬೊಟ್ಟು ಇಟ್ಟರು. ದೃಷ್ಟಿ ತಾಗಬಾರದಂತೆ!

ನನ್ನ ಸಹನೆ ಅಲ್ಲಿಗೆ ಮುಗಿಯಿತು. ಇನ್ನು ಯಾರು ಕರೆದರೂ, ಅತ್ತರೂ, ಅಡ್ಡ ಮಲಗಿದರೂ ನಿಲ್ಲುವುದಿಲ್ಲ ಎಂದು ನಿಶ್ಚಯಿಸಿ ಆಕ್ಸಿಲರೇಟರ್ ತಿರುವಿದೆ. ಎಷ್ಟು ರಭಸವಾಗಿ ಹೋದೆನೆಂದರೆ ಕಬ್ಬಿಗೆ ನೀರು ಬಿಟ್ಟಿದ್ದ ಕಾಲುವೆ ದಾರಿಗೆ ಅಡ್ಡ ಹರಿದದ್ದು ಕಾಣಲೇ ಇಲ್ಲ. ಮುಂದಿನ ಚಕ್ರ ಕರಿಮಣ್ಣಿನಲ್ಲಿ ಅರ್ಧ ಹೂತು ನಿಂತಿತು. ನಾನು ಇಳಿದೆ. ಚಪ್ಪಲಿ ಕೆಸರಿನಲ್ಲೇ ಉಳಿಯಿತು. ಗಡಿಗೆಗೆ ಏನೂ ಆಗಿರಲಿಲ್ಲ. ಸ್ವೆಟರ್ ಹಾಕಿಕೊಂಡು, ಕಾಡಿಗೆ ಇಟ್ಟುಕೊಂಡು, ನನ್ನನ್ನೇ ನೋಡುತ್ತ ಕೂತಿತ್ತು.

ಯಾರಾದರೂ ಕರೆದರೆ ನಿಲ್ಲುವುದಿಲ್ಲ ಎಂದಿದ್ದೆ. ಈಗ ನಾನೇ ಕರೆಯಬೇಕಾಯಿತು.

"ಯಾರದೀರಿ? ಜರಾ ಬರ್ರಿ ಇಲ್ಲಿ!"

ಕಬ್ಬಿನ ಹಿಂದಿನಿಂದ ಮಸ್ತಾನ್ ಮಾಮು ಬಂದರು. ಹಿಂದೆ ಅವರ ನೆರೆಹೊಲದ ಕಲ್ಲಪ್ಪಜ್ಜ, ಅಜ್ಜನ ಮಕ್ಕಳು, ಅಳಿಯಂದಿರು. ಅಮಾವಾಸ್ಯೆಯ ಊಟ ಮಾಮೂ ಮನೆಯವರಿಗೆ ಪ್ರತಿ ವರ್ಷ ಅಜ್ಜನ ಚಪ್ಪರದಲ್ಲೇ ಎಂದು ಆಮೇಲೆ ತಿಳಿಯಿತು.

"ಅರೇ ಸಾಬ್, ಯೇ ಕ್ಯಾ ಹಾಲತ್ ಬನಾಲಿಯೇ!" ಎಂದು ನನ್ನ ಕಾಲಿನ ಅವಸ್ಥೆ ನೋಡಿ ಮರುಗಿದರು ಮಾಮು. ಆಮೇಲೆ ಕನ್ನಡಕ್ಕೆ ಬಂದು, "ಡಾಂಬರ ರಸ್ತಾ ಬಿಟ್ಟು ಇಲ್ಲಿ ಯಾಕ ಬಂದ್ರಿ?" ಎಂದರು.

"ಸೇಫ್ ಇರ್ತದ ಅಂತ, ಮಾಮು."

ಕಲ್ಲಪ್ಪಜ್ಜ ನಗಲಿಲ್ಲ. ದೊಡ್ಡ ಮನುಷ್ಯ. ಉಳಿದವರೆಲ್ಲ ನಕ್ಕರು.

ಏಳೆಂಟು ಜನ ಸೇರಿ ಸ್ಕೂಟರನ್ನು, ಗಡಿಗೆಯನ್ನು, ಕೊನೆಗೆ ನನ್ನ ಚಪ್ಪಲಿಯನ್ನು ಮೇಲೆತ್ತಿದರು. ಎಲ್ಲರೂ ಮಂಡಿಯವರೆಗೆ ಕೆಸರಾಗಿ, ಬೆವರಿ, ಬದುವಿನ ಮೇಲೆ ಕೂತರು. ಯಾರೂ ಏನೂ ಕೇಳಲಿಲ್ಲ. ಮಾಮು ಮಾತ್ರ ಮಫ್ಲರಿನ ಕಡೆಗೊಮ್ಮೆ, ನನ್ನ ಕಡೆಗೊಮ್ಮೆ ನೋಡಿ ಗಂಟಲು ಸರಿಮಾಡಿಕೊಂಡರು. ಹಬ್ಬದ ದಿನ ನನ್ನ ಸಲುವಾಗಿ ಕೆಸರು ಹೊಕ್ಕ ಜನರಿಗೆ ನಾನು ಏನು ಕೊಡಬೇಕು? ಬಾಟಲಿಯ ನೀರೇ?

"ಕುಡೀರಿ!" ಎಂದು ನಾನೇ ಮುಚ್ಚಳ ತೆಗೆದೆ. ನನ್ನ ಧ್ವನಿಯಲ್ಲಿ ಅಳು ಇತ್ತು. "ಎಲ್ಲಾ ಕುಡ್ದು ಬಿಡ್ರಿ!"

ಮಾತು ಕೇಳುವ ಜನ. ಕುಡಿದುಬಿಟ್ಟರು. ಕಡೆಗೆ ಅಜ್ಜನ ಅಳಿಯ ಗಡಿಗೆಯನ್ನು ಓರೆ ಮಾಡಿ ತಳದಲ್ಲಿದ್ದ ಗಟ್ಟಿಯನ್ನೂ ಬೆರಳಿನಿಂದ ಬಳಿದು ತಿಂದ. ಗಡಿಗೆಯ ತಳ ನನಗೆ ಆ ದಿನ ಮೊದಲ ಸಲ ಕಾಣಿಸಿತು. ನುಣುಪಾಗಿತ್ತು.

ಆಮೇಲೆ ನಡೆದದ್ದನ್ನು ನಾನು ನೋಡುತ್ತ ನಿಂತೆ. ಮಾಮೂ ಮನೆಯ ಎಮ್ಮೆಯ ಮಜ್ಜಿಗೆ ಬಂತು. ಕಲ್ಲಪ್ಪಜ್ಜನ ಮನೆಯ ಅಂಬಲಿ ಬಂತು, ಬೆಳ್ಳುಳ್ಳಿ, ಹಸಿಶುಂಠಿ ಜಜ್ಜಿ ಹಾಕಿದ್ದು. ಗಡಿಗೆ ಮತ್ತೆ ಕುತ್ತಿಗೆಯವರೆಗೆ ತುಂಬಿತು. "ಈಗ ನೋಡ್ರಿ, ಛಲೋ ಆತು" ಎಂದು ಅಜ್ಜ ಬೆನ್ನು ತಟ್ಟಿದರು. ನಾನು ಕಸ್ತೂರಿಗೆ ಹೇಳಬೇಕಾದ ಮಾತುಗಳನ್ನು ಜೋಡಿಸುತ್ತ ಮುಂದೆ ಹೊರಟೆ. 'ಕಸ್ತೂರಿ, ಗಡಿಗೆ ಒಡೆದಿಲ್ಲ.' ಇದು ಒಳ್ಳೆಯ ಆರಂಭ. ಇದರ ಮುಂದಿನ ವಾಕ್ಯ ರಾಯಿಕೋಡ್ ಮುಟ್ಟುವವರೆಗೂ ಹೊಳೆಯಲಿಲ್ಲ.

ಹೊಲದಲ್ಲಿ ಎಲ್ಲರೂ ಎಲೆ ಹಾಕಿಕೊಂಡು ಕಾಯುತ್ತಿದ್ದರು. ಕಸ್ತೂರಿ ನನ್ನ ಕಾಲಿನ ಕೆಸರು ನೋಡಿದಳು. ಗಡಿಗೆಯ ಸ್ವೆಟರ್ ನೋಡಿದಳು. ಕಾಡಿಗೆಯ ಬೊಟ್ಟು ನೋಡಿದಳು.

"ಕಸ್ತೂರಿ, ಒಂದು ಮಾತು..."

"ಆಮ್ಯಾಲ ಹೇಳ್ರಿ" ಎಂದು ಅವಳ ವೈನಿ, ಹೋದ ವರ್ಷದ ಫ್ರಿಜ್ಜಿನ ಮಾತಿನವರು, ನನ್ನ ಕೈಯಿಂದ ಗಡಿಗೆ ಕಿತ್ತುಕೊಂಡು ಹೋದರು. ಶರಣಪ್ಪ ಚರಗ ಚೆಲ್ಲಿ ಬಂದ. ಮೊದಲ ಬಟ್ಟಲು ನನ್ನ ಅತ್ತೆಗೆ. ಎರಡನೆಯದು ವೈನಿಯೇ ತೆಗೆದುಕೊಂಡರು. ನಾನು ಒಂದು ಜೋಳದ ದಂಟನ್ನು ಹಿಡಿದುಕೊಂಡು ನಿಂತೆ.

ಅತ್ತೆ ಕುಡಿದು ಬಟ್ಟಲು ಕೆಳಗಿಟ್ಟರು. ತುಟಿ ಒರೆಸಿಕೊಂಡರು.

"ಯವ್ವಾ ಕಸ್ತೂರಿ," ಎಂದರು, "ನಮ್ಮವ್ವ ಮಾಡ್ತಿದ್ದಳಲ್ಲ, ಹಂಗಾಗ್ಯಾದ ನೋಡು."

ವೈನಿ ತಮ್ಮ ಬಟ್ಟಲು ಖಾಲಿ ಮಾಡಿದರು. ಇನ್ನೊಂದು ಬಟ್ಟಲು ಬಗ್ಗಿಸಿಕೊಂಡರು. ಅದನ್ನೂ ಕುಡಿದು, ಬಹಳ ಕಷ್ಟದಿಂದ, ಹಲ್ಲು ನೋವಿದ್ದವರ ಹಾಗೆ, "ಛಲೋ ಅದ" ಎಂದರು. "ಹ್ಯಾಂಗ ಮಾಡೀರಿ?"

ಕಸ್ತೂರಿಯ ಮುಖ ನೀವು ನೋಡಬೇಕಿತ್ತು! ಒಂದು ವರ್ಷ ಬಿಗಿದುಕೊಂಡಿದ್ದ ಮುಖ ಬಿಚ್ಚಿಕೊಂಡಿತು. ಸೆರಗು ಸರಿಮಾಡಿಕೊಂಡು ಕೂತು ಸುರುಮಾಡಿದಳು. ಜೋಳ ಯಾವುದು, ಎಷ್ಟು ನೆನೆಯಬೇಕು, ಉರಿ ಎಷ್ಟಿರಬೇಕು, ರಗ್ಗು ಯಾಕೆ ಹೊದಿಸಬೇಕು. ನಾನು ಹಿಂದಿನಿಂದ ಕೆಮ್ಮಿದೆ. ಕಣ್ಣು ಮಾಡಿದೆ. ಕೈಸನ್ನೆ ಮಾಡಿದೆ. "ಅವರಿಗಿ ನೀರು ಬೇಕಂತ ನೋಡ್ರಿ" ಎಂದು ಯಾರೋ ನೀರು ಕೊಟ್ಟರು.

"ಅಷ್ಟೇ ವೈನಿ, ಮತ್ತೇನಿಲ್ಲ, ಬರೇ ಜ್ವಾಳ..." ಎನ್ನುತ್ತ ಕಸ್ತೂರಿ ತಾನೂ ಒಂದು ಬಟ್ಟಲು ಎತ್ತಿ ಬಾಯಿಗಿಟ್ಟಳು.

ನಾಲಿಗೆಯನ್ನು ಬಾಯೊಳಗೆ ಒಮ್ಮೆ ತಿರುಗಿಸಿದಳು. ನನ್ನ ಕಡೆ ನೋಡಿದಳು. ಎಷ್ಟೋ ವರ್ಷದ ಸಂಸಾರದಲ್ಲಿ ಹೀಗೆ ಅವಳು ನನ್ನನ್ನು ನೋಡಿದ್ದು ಅದೇ ಮೊದಲು. ನಾನು ದಂಟಿನ ಹಿಂದೆ ಸರಿದೆ. ಅದು ತೆಳ್ಳಗಿತ್ತು.

"...ಜ್ವಾಳಾ, ಮತ್ತ ಒಂದೀಟು ನವಣಿ" ಎಂದಳು ಕಸ್ತೂರಿ, ಧ್ವನಿ ಒಂದಿಷ್ಟೂ ಅಲುಗದೆ. ಇನ್ನೊಂದು ಗುಟುಕು ಕುಡಿದಳು. "ಎಮ್ಮಿ ಮಜ್ಜಗಿ." ಇನ್ನೊಂದು. "ಹಸಿಶುಂಠಿ. ಜಜ್ಜಿ ಹಾಕಬೇಕು, ವೈನಿ, ಅರೀಬಾರದು."

"ಅದಕ್ಕ ಮತ್ತ!" ಎಂದರು ವೈನಿ. "ಮುಂದಿನ ಅಮಾಸಿಗಿ ಎಲ್ಲರದೂ ಅಂಬಲಿ ನಿಮ್ಮದೇ. ನಾವು ಯಾರೂ ಮಾಡಂಗಿಲ್ಲ."

ಆಮೇಲೆ ನನಗೆ ಬಡಿಸಿದರು. ಎರಡು ಕಡೆ ತಿಂದು ಬಗ್ಗಲೂ ಆಗದ ನನ್ನ ಮುಂದೆ ಭಜ್ಜಿಯ ಗುಡ್ಡ ಹಾಕಿ, "ಯಾಕ್ರಿ, ನಮ್ಮ ಕೈದು ಸೇರಂಗಿಲ್ಲೇನ?" ಎಂದರು ವೈನಿ. ತಿಂದೆ. ಆ ವಿಷಯದಲ್ಲೂ ನನ್ನ ಆಕ್ಷೇಪವಿದೆ, ಆದರೆ ಆಗ ಬಾಯಿ ತೆರೆಯುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಊಟವಾಗಿ ಉಳಿದವರೆಲ್ಲ ಹಸಿ ಕಡಲೆ ಕಿತ್ತು ತಿನ್ನುತ್ತ ದೂರ ಹೋದಾಗ ಕಸ್ತೂರಿ ಬಂದು ಬದುವಿನ ಮೇಲೆ ನನ್ನ ಪಕ್ಕ ಕೂತಳು.

"ಎಷ್ಟು ಹೊಲದಾಗ ಇಳದ್ರಿ?"

"ನಾ ಇಳೀಲಿಲ್ಲ. ಇಳಸಿದ್ರು."

"ನನ್ನದು ಎಷ್ಟು ಉಳದಿತ್ತು ಅದರಾಗ?"

"ಗಡಿಗಿ ನಿಂದೇ" ಎಂದೆ.

ಬೈಗುಳಕ್ಕೆ ತಲೆ ತಗ್ಗಿಸಿದೆ. ಬರಲಿಲ್ಲ. ಅವಳು ಒಂದು ಕಡಲೆಯ ಗಿಡದ ಎಲೆ ಚಿವುಟುತ್ತ, ನೆಲ ನೋಡುತ್ತ ಕೇಳಿದಳು:

"ಕುಡ್ದೋರು ಏನಂದ್ರು?"

"ಯಾವುದಕ್ಕ?"

"ನನ್ನ ಅಂಬಲಿಗಿ. ಅವರಾದ್ರೂ ಅದನ್ನೇ ಕುಡದಾರಲ್ಲ? ಏನಂದ್ರು?"

ದಾರಿಯುದ್ದಕ್ಕೂ ನಾನು ಗಡಿಗೆಯ ಮಟ್ಟವನ್ನು ನೋಡಿದ್ದೆ, ನನ್ನ ಗತಿಯನ್ನು ನೆನೆದಿದ್ದೆ, ಕುಡಿಯುವವರ ಬಾಯಿಂದ ಬಂದ ಮಾತುಗಳನ್ನು ಕಿವಿಗೇ ಹಾಕಿಕೊಂಡಿರಲಿಲ್ಲ. ಒಂದು ವರ್ಷ ಕಾದು, ತಟ್ಟಿ ತಟ್ಟಿ ಗಡಿಗೆ ಆರಿಸಿ, ರಗ್ಗು ಹೊದಿಸಿ ಅವಳು ಮಾಡಿದ್ದ ಅಂಬಲಿ ಹೇಗಿತ್ತು ಎಂದು ಹೇಳಬಲ್ಲ ಒಬ್ಬನೇ ಒಬ್ಬನೂ ಆ ಹೊಲದಲ್ಲಿರಲಿಲ್ಲ. ಎಲ್ಲರೂ ದಾರಿಯಲ್ಲಿದ್ದರು. ಸುಳ್ಳು ಹೇಳೋಣವೆಂದರೆ ಅವಳ ಮುಂದೆ ನನ್ನ ಸುಳ್ಳು ಎಂದೂ ನಿಂತಿಲ್ಲ. ಹಾಗಾಗಿ ಕಂಡದ್ದನ್ನಷ್ಟೇ ಹೇಳಿದೆ.

"ಸಿದ್ದಪ್ಪನ ತಾಯಿ ಏನೂ ಅನ್ನಲಿಲ್ಲ. ಕುಡದಾಕಿನೇ ಮತ್ತ ಚಂಬು ಮುಂದ ಹಿಡದಳು."

ಕಸ್ತೂರಿ ತಲೆ ಎತ್ತಿದಳು.

"ಹಿಡದಳೇನ?"

"ಹಿಡದಳು. ಅದಕ್ಕ ಅರ್ಧಾ ಅಲ್ಲೇ ಖಾಲಿ ಆತು. ಉಳದ ಅರ್ಧಾ ಸಂಘದಾಗಿನ ಹೆಣ್ಮಕ್ಕಳು ಬಿಡಲಿಲ್ಲ, ಬಾಜೂ ಹೊಲದೋರನ್ನೂ ಕರದು ಕುಡಿಸಿದ್ರು. ಕಡೀಗಿ ಒಬ್ಬಾಂವ ಬೆರಳ ಹಾಕಿ ತಳಾ ಬಳದು ತಿಂದ."

ತಳ ಬಳಿದವನ ಹೊತ್ತಿಗೆ ಅದು ಕಸ್ತೂರಿಯದೋ, ಆಯಿಯದೋ, ನವಣೆಯದೋ ಎಂಬ ಸೂಕ್ಷ್ಮ ಪ್ರಶ್ನೆಯನ್ನು ನಾನು ಎತ್ತಲಿಲ್ಲ. ಅವಳೂ ಎತ್ತಲಿಲ್ಲ. ಹೋದ ವರ್ಷ ಎಲ್ಲರೂ ನಕ್ಕಿದ್ದ ನಗು ಅವಳ ಮುಖದಿಂದ ಎಲ್ಲಿಗೋ ಹೊರಟುಹೋಗಿತ್ತು. ಅದರ ಜಾಗಕ್ಕೆ ಅವಳದೇ ಒಂದು ಸಣ್ಣ ನಗು ಬಂದು ಕೂತಿತು. ನನಗೂ ಧೈರ್ಯ ಬಂತು.

"ಹಂಗ ನೋಡಿದ್ರ," ಎಂದೆ, "ನಿಮ್ಮ ವೈನಿ ಹೊಗಳಿದ್ದು ನಾ ಮಾಡಿದ ಅಂಬಲಿ. ನಾ ಆ ದಾರಿ ಹಿಡೀಲಿಲ್ಲ ಅಂದ್ರ ಎಲ್ಲಿಂದ ಬರ್ತಿತ್ತು ಅದು? ಹೆಸರು ಮಾತ್ರ ನಿಂದಾತು!"

ಕಸ್ತೂರಿ ಎದ್ದು ಸೀರೆಗೆ ಹತ್ತಿದ ಮಣ್ಣು ಕೊಡವಿಕೊಂಡಳು.

"ಆತು. ಮುಂದಿನ ಅಮಾಸಿಗೂ ನೀವೇ ಮಾಡ್ರಿ. ಖಾಲಿ ಗಡಿಗಿ ಕೊಟ್ಟು ಕಳಸ್ತೀನಿ, ಅದೇ ದಾರೀಲೇ ಬರ್ರಿ" ಎಂದಳು. ಎರಡು ಹೆಜ್ಜೆ ಹೋದವಳು ತಿರುಗಿ, "ಉಪ್ಪು ಜಾಸ್ತಿ ಆಗ್ಯಾದ. ಉಪ್ಪು ಕಮ್ಮಿ ಹಾಕೋರ ಹೊಲ ನೋಡಿ ಇಳೀರಿ!" ಎಂದಳು.

ಹೀಗೆ ನನ್ನ ಜೀವನದ ಮೊದಲ ಅಡುಗೆಗೆ ಸಿಕ್ಕ ಏಕೈಕ ಅಧಿಕೃತ ವಿಮರ್ಶೆ, ಉಪ್ಪು ಜಾಸ್ತಿ. ಅದನ್ನಾದರೂ ಸಹಿಸಿಕೊಳ್ಳುತ್ತೇನೆ. ಆದರೆ ಅವಳ ಅಂಬಲಿ ನಿಜಕ್ಕೂ ಹೇಗಿತ್ತು ಎಂದು ಯಾರಾದರೂ ಕೇಳಿದರೆ ಸಿದ್ದಪ್ಪನ ತಾಯಿ ಹೇಳಬಲ್ಲಳು, ಸಿದ್ದಪ್ಪನ ಬೀಗರು ಹೇಳಬಲ್ಲರು, ಬೀಗರ ಜೊತೆ ಬಂದು ನನ್ನ ಹೆಸರೂ ಕೇಳದೆ ಹೋದವರು ಹೇಳಬಲ್ಲರು. ಅವಳ ಗಂಡ ಹೇಳಲಾರ. ಮೀಸಲು, ಬಾಯಿಗೆ ಹಚ್ಚಬೇಡಿ ಎಂದು ಹೇಳಿದ್ದಳಲ್ಲ? ಆ ದಿನ ಅವಳ ಮಾತುಗಳಲ್ಲಿ ನಾನು ಪಾಲಿಸಿದ್ದು ಅದೊಂದನ್ನೇ!